ತಳದಲ್ಲಿ ಕೂರುವ ಮದ್ದು

ಅಕ್ಟೋಬರ್ 14, ಮಂಗಳವಾರ

ಬಾಯಿ ಮುಚ್ಚಿಕೊಂಡಿದ್ದರೆ ಸೋಮವಾರ ನಿಶ್ಚಿಂತೆಯಿಂದ ಮಿಸೌಲಾ ಪಟ್ಟಣಕ್ಕೆ ಹೋಗಿ ಟೈರ್ ಅಂಗಡಿಯ ಕೆಲಸಕ್ಕೆ ಸೇರಬಹುದಿತ್ತು. ಬಾಯಿ ಮುಚ್ಚಿಕೊಂಡಿರುವುದು ನನ್ನಿಂದ ಆಗುವುದಿಲ್ಲ.

ವೆರ್ಲಿನ್ ತಾತ ತನ್ನ ಮ್ಯಾಗ್ನಮ್ ರಿವಾಲ್ವರಿಗೆ ಬೇಕಾದ ತೋಟಾಗಳನ್ನು ಖಾಲಿ ಕೊಳವೆಗೆ ಸಿಡಿಮದ್ದು ತುಂಬಿ ಮನೆಯಲ್ಲೇ ತಯಾರಿಸುತ್ತಾನೆ. ಲೇಪನ ಹಚ್ಚಿದ ಸೀಸದ ಗುಂಡಿಗೆ ಅವನು ಆರಿಸಿಕೊಂಡಿರುವುದು ಬೇಗ ಉರಿಯುವ ಮದ್ದು. ಚಿಟಿಕೆಯಷ್ಟು ಸಾಕು, ಉದ್ದನೆಯ ತೋಟಾದ ತಳದಲ್ಲೇ ಕೂತುಬಿಡುತ್ತದೆ. ಕಣ್ತಪ್ಪಿ ಒಂದಕ್ಕೇ ಎರಡು ಸಲ ಬಿದ್ದರೂ ಮೇಲೆ ಜಾಗ ಮಿಗುತ್ತದೆ, ಗೊತ್ತೇ ಆಗುವುದಿಲ್ಲ. ಇವತ್ತು ಇಣುಕಿ ನೋಡಿದರೆ ಒಂದು ತೋಟಾದಲ್ಲಿ ಹಾಗೇ ಆಗಿತ್ತು. ಹಾರಿಸಿದ್ದರೆ ರಿವಾಲ್ವರ್ ಅವನ ಕೈಯಲ್ಲೇ ಸಿಡಿಯುತ್ತಿತ್ತು.

"ತಾತ, ನಿಂಗೆ ಕಣ್ಣು ಕಾಣಲ್ಲ," ಅಂದೆ.

"ಸ್ಕೂಲ್ ಬಿಟ್ಟೋಳು ಯಾವಾಗಮ್ಮ ಡಾಕ್ಟರ್ ಆದೆ?"

"ಅಂಗಡೀಲಿ ಹಗುರದ ಮದ್ದು ಸಿಗತ್ತೆ, ಒಂದೇ ಸಲಕ್ಕೆ ತೋಟಾ ತುಂಬಿಹೋಗತ್ತೆ. ಎರಡು ಸಲ ಬಿದ್ರೆ ಹೊರಗೆ ಚೆಲ್ಲತ್ತೆ, ಕುರುಡನಿಗೂ ಗೊತ್ತಾಗತ್ತೆ. ಅದನ್ನ ತಗೋ."

"ನೋಡೋಕೆ ನೀನಿದೀಯಲ್ಲೇ. ನಂಗ್ಯಾಕೆ ಬೇರೆ ಮದ್ದು?"

"ಸೋಮವಾರದಿಂದ ನಾನಿರಲ್ಲ."

"ಹೋಗು. ಯಾರು ಹಿಡ್ಕೊಂಡಿದಾರೆ?"

ಹಾಗೆಂದವನೇ ಮುಂದಿನ ತೋಟಾಕ್ಕೆ ಮದ್ದು ಸುರಿದ. ನಿಜ, ಯಾರೂ ಹಿಡಿದುಕೊಂಡಿಲ್ಲ. ಆದರೂ ಬಗ್ಗಿ ಒಳಗೆ ನೋಡಿದೆ. ಅದರ ಮುಂದಿನದನ್ನೂ ನೋಡಿದೆ. ನೋಡದೆ ಹೇಗಿರಲಿ?