ಮಾವನ ಹೆಸರಿನ ಗಾಯಾಳು

ಫೆಬ್ರವರಿ ೯, ೧೯೪೩. ಬೆಳಿಗ್ಗೆ

ನಲವತ್ತೊಂದು ಜನರ ಜ್ವರ ನೋಡಿ ಮುಗಿಸಿದೆ. ಬ್ಯಾಂಡೇಜು ಕುದಿಯುತ್ತಿದೆ. ನಿನ್ನೆಯ ರೈಲಿನಲ್ಲಿ ವೋಲ್ಗಾ ಯುದ್ಧದ ಕಡೆಯಿಂದ ನಮ್ಮೂರ ಆಸ್ಪತ್ರೆಗೆ ಇನ್ನೂ ಹನ್ನೊಂದು ಗಾಯಾಳುಗಳು. ಒಬ್ಬ ನಮ್ಮವನೇ, ಕಜಾಕ್. ತೊಡೆಯ ಮೂಳೆ ಪುಡಿ. ಹೆಸರು ನಮ್ಮ ಮಾವನದ್ದೇ! ಸೊಸೆಯಾದವಳು ಮಾವನ ಹೆಸರು ಹೇಳುವುದುಂಟೆ? ಮದುವೆಯಾಗಿ ಏಳು ವರ್ಷ, ಒಮ್ಮೆಯೂ ಹೇಳಿಲ್ಲ. ಇಲ್ಲಿ ಬರೆಯಲೂ ಕೈ ಬರುತ್ತಿಲ್ಲ. 'ಕಿಟಕಿ ಪಕ್ಕದವನು' ಎನ್ನುತ್ತಿದ್ದೇನೆ. ಇಲ್ಲಿಗೆ ಬರುವ ಮೊದಲು ರಣರಂಗದಲ್ಲಿ ಹನ್ನೊಂದು ತಿಂಗಳು ಗುಂಡಿನ ಕೆಳಗೆ ತೆವಳಿ ಗಾಯಾಳುಗಳನ್ನು ಎಳೆದು ತಂದವಳು ನಾನು... ನಗು ಬರುತ್ತದೆ.

ಫೆಬ್ರವರಿ ೧೧

'ಕಿಟಕಿ ಪಕ್ಕದವನಿಗೆ ಎರಡನೇ ಗುಂಪಿನ ರಕ್ತ' ಎಂದು ನರ್ಸ್ ದಾರ್ಯಾಗೆ ಹೇಳಿ ಇನ್ನೊಬ್ಬನ ಆಪರೇಷನ್ನಿಗೆ ಹೋದೆ. ಗಾಳಿ ಹೊಡೆಯುತ್ತದೆಂದು ಅಷ್ಟರಲ್ಲಿ ಅವನನ್ನು ಒಲೆಯ ಹತ್ತಿರ ಮಲಗಿಸಿದ್ದರು. ಕಿಟಕಿಯ ಬಳಿ ಈಗ ಪನಾಸ್, ಮೂರನೇ ಗುಂಪಿನವನು; ಎರಡನೆಯದು ಅವನಿಗೆ ವಿಷ. ದಾರ್ಯಾ ಅವನಿಗೇ ಏರಿಸಿದಳು. ಮೊದಲು ಸ್ವಲ್ಪ ಹರಿಸಿ ಕಾಯಬೇಕೆಂಬ ನಿಯಮ ಅವನನ್ನು ಉಳಿಸಿತು. ಚಳಿ, ಸೊಂಟನೋವು ಶುರುವಾದ ಕೂಡಲೇ ನಿಲ್ಲಿಸಿದಳು. ಬದುಕಿದ್ದಾನೆ. ತಪ್ಪು ನನ್ನದು. ಹೆಸರು ಹೇಳಿದ್ದರೆ ಹೀಗಾಗುತ್ತಿರಲಿಲ್ಲ.

ಫೆಬ್ರವರಿ ೧೨

ಮುಖ್ಯ ವೈದ್ಯರು ಕರೆಸಿದರು. ವರದಿಯಲ್ಲಿ ತಪ್ಪು ಮಾಡಿದವಳೆಂದು ದಾರ್ಯಾಳ ಹೆಸರು ಆಗಲೇ ಟೈಪಾಗಿತ್ತು. ನಿನಗೆ ಪದಕ ಬಂದಿದೆ, ಪತ್ರಿಕೆಯಲ್ಲಿ ಫೋಟೊ ಬಂದಿದೆ, ಸುಮ್ಮನೆ ಸಹಿ ಹಾಕು ಎಂದರು. ಅವಳ ಹೆಸರು ಹೊಡೆದುಹಾಕಿ 'ಉರ್ಕಿಯಾ' ಎಂದು ನನ್ನ ಹೆಸರು ಬರೆದೆ. ಇನ್ನು ಮೇಲೆ ಹೆಸರು ಕೂಗಿ, ಗಾಯಾಳು ಓಗೊಟ್ಟ ಮೇಲೇ ರಕ್ತ ಏರಿಸಬೇಕು — ಅದನ್ನೂ ಕೆಳಗೆ ಸೇರಿಸಿದೆ.

"ಆ ಹೆಸರು ನೀನು ಕೂಗ್ತೀಯಾ?" ಎಂದರು. "ಆಗಲ್ಲ ಅಂದ್ರೆ ಬಟ್ಟೆ ಒಗೆಯೋ ಕೆಲಸಕ್ಕೆ ಹೋಗು."

"ನಾನೇ ಕೂಗ್ತೀನಿ," ಎಂದೆ.

ಫೆಬ್ರವರಿ ೧೩, ಸಂಜೆ

ಪನಾಸ್ ಎದ್ದು ಕೂತು ಗಂಜಿ ಕುಡಿದ. ಅಬ್ಬಾ.

ಮನೆಗೆ ಬಂದು, ಆ ಹೆಸರು ಕೂಗಬೇಕಾಗುತ್ತದೆ ಎಂದು ಅತ್ತೆಗೆ ಹೇಳಿದೆ. ಹಿಟ್ಟು ನಾದುತ್ತಿದ್ದ ಕೈ ನಿಂತಿತು. ನನ್ನ ಗಂಡನ ಕೊನೆಯ ಕಾಗದ ಬಂದು ಐದು ತಿಂಗಳಾಯಿತು. ಇಂಥ ಹೊತ್ತಿನಲ್ಲಿ ಹಿರಿಯರ ಹೆಸರು ಹಿಡಿದರೆ ರಣರಂಗದಲ್ಲಿರುವ ಅವನಿಗೇ ಕೇಡೆಂದು ಅವರ ಭಯ. ನನಗಿಲ್ಲವೆ ಆ ಭಯ? ಇದೆ.

"ಆ ಹೆಸರು ನಿನ್ನ ಬಾಯಿಗೆ ಬಂದ ದಿನ ಈ ಹೊಸಿಲು ತುಳೀಬೇಡ," ಎಂದರು.

ಮಾವ ಚಹಾ ಕುಡಿಯುತ್ತಿದ್ದರು. ನಮ್ಮ ಆಸ್ಪತ್ರೆಗೆ ಸೌದೆ ಹೊರುವುದು ಅವರೇ.

ಫೆಬ್ರವರಿ ೧೬

ಅವನಿಗೆಂದು ಐದು ದಿನದಿಂದ ಕಾಯುತ್ತಿದ್ದ ರಕ್ತದ ಬಾಟಲಿ ಬಂತು. ವಾರ್ಡಿನಲ್ಲಿ ಎಲ್ಲರ ಕಣ್ಣೂ ನನ್ನ ಮೇಲೆ. ಮಾವ ಒಲೆಗೆ ಸೌದೆ ತುಂಬುತ್ತಿದ್ದರು. ಅವರು ಹೋಗುವವರೆಗೆ ಕಾಯಬಹುದಿತ್ತು. ಕಾಯಲಿಲ್ಲ. ಕದ್ದು ಹೇಳುವುದಾದರೆ ಹೇಳುವುದೇ ಬೇಡ.

ಕೂಗಿದೆ. ಗಾಯಾಳು ಕಣ್ಣು ತೆರೆಯಲಿಲ್ಲ. ಮತ್ತೆ ಕೂಗಿದೆ, ಗಟ್ಟಿಯಾಗಿ. ಓಗೊಡದಿದ್ದರೆ ರಕ್ತವಿಲ್ಲ, ನಿಯಮ ನನ್ನದೇ. ಮೂರನೆಯ ಸಲಕ್ಕೆ ಮಾವ ಎದ್ದು ಬಂದು ಅವನ ಭುಜ ಅಲುಗಿಸಿದರು.

"ಏ ತಮ್ಮಾ, ಕರೀತಿರೋದು ನನ್ನನ್ನಲ್ಲ, ನಿನ್ನನ್ನ. ಓ ಅನ್ನು."

"ಓ," ಎಂದ.

ರಕ್ತ ಏರಿಸಿದೆ. ಮಾವ ನನ್ನತ್ತ ನೋಡದೆ ಹೋದರು.

ಫೆಬ್ರವರಿ ೧೭

ಅತ್ತೆ ನನ್ನ ಬಟ್ಟೆಯ ಗಂಟು ಕಳಿಸಿದ್ದಾರೆ. ಮಾವನೇ ಸೌದೆಯ ಜೊತೆ ತಂದಿಟ್ಟರು. ಒಳಗೊಂದು ರೊಟ್ಟಿ, ಇನ್ನೂ ಬೆಚ್ಚಗಿತ್ತು. ಯಾರಿಟ್ಟರೋ, ಕೇಳಲಿಲ್ಲ. ಹಾಸಿಗೆ-ಹೊದಿಕೆ ಇಡುವ ಕೋಣೆಗೆ ಹೋಗಿ ಅತ್ತುಬಿಟ್ಟೆ. ಇನ್ನು ಮಲಗುವುದೂ ಇಲ್ಲೇ. ಕ್ಷಮೆ ಕೇಳುವುದಿಲ್ಲ.

ಇವತ್ತು ಅವನಿಗೆ ಎರಡನೇ ಬಾಟಲಿ. ಯಾರಿಗೆ ಎಂದು ಇಲ್ಲೂ ಬರೆದೇಬಿಡುತ್ತೇನೆ. ಸಾದ್ವಕಾಸ್. ಸಾದ್ವಕಾಸ್. ದಾರ್ಯಾ ಬಾಗಿಲು ಬಡಿಯುತ್ತಿದ್ದಾಳೆ, ಬಾಟಲಿ ಬಂತಂತೆ. ಬಂದೆ. ಸಾದ್ವ—