ಪೆರ್ಲಳ ತಾಯಿಯ ಹೆಸರು

7 ಮಾರ್ಚ್ 1946, ಗುರುವಾರ. ಯಹೂದಿ ನಿರಾಶ್ರಿತರ ಶಿಬಿರ.

ಆ ಹುಡುಗಿಯ ತಾಯಿಯ ಹೆಸರು ಯಾರಿಗೂ ಗೊತ್ತಿರಲಿಲ್ಲ. ಬೆಳಗಿನಿಂದ ಅದೇ ಕೊರೆಯುತ್ತಿದೆ.

ಪೆರ್ಲಳಿಗೆ ಹದಿನಾರೋ ಹದಿನೇಳೋ. ಯುದ್ಧ ಮುಗಿದ ಮೇಲೆ, ನಿನ್ನೆ ರಾತ್ರಿ, ಕ್ಷಯದಿಂದ ಸತ್ತಳು. ಶಿಬಿರದಲ್ಲಿ ಸತ್ತ ಹೆಂಗಸರಿಗೆ ಕೊನೆಯ ಸ್ನಾನ ಮಾಡಿಸುವ ನಾನೂ ಬ್ರಾಯ್ನಕ್ಕನೂ ಮೈ ತೊಳೆದು ಬಿಳಿ ಬಟ್ಟೆ ಉಡಿಸಿದೆವು. ನಮ್ಮ ಪದ್ಧತಿಯಂತೆ ಕೊನೆಗೆ ಸತ್ತವಳನ್ನು ಇಂಥವಳ ಮಗಳೇ ಎಂದು ಕರೆದು, ನಮ್ಮ ಕೈಯಿಂದಾದ ತಪ್ಪಿಗೆ ಕ್ಷಮೆ ಕೇಳಬೇಕು. ಯಾರ ಮಗಳೇ ಎನ್ನಲಿ ಎಂದು ಅಕ್ಕನನ್ನು ಕೇಳಿದೆ.

"ನಮ್ಮ ಕುಲಕ್ಕೆಲ್ಲ ಮೂಲತಾಯಿ ಸಾರಾಳ ಮಗಳು ಅನ್ನು, ಸಾಕು ಕಣೆ. ಗೊತ್ತಿಲ್ಲದೋರಿಗೆಲ್ಲ ಹಂಗೇ ಅನ್ನೋದು," ಎಂದಳು ಅಕ್ಕ.

ಈ ಚಳಿಗಾಲದಲ್ಲಿ ಸಾರಾಳಿಗೆ ಎಷ್ಟು ಮಕ್ಕಳಾದರು! ನನಗೆ ತಡೆಯಲಾಗಲಿಲ್ಲ. "ಪೆರ್ಲಾ, ಝೆಲ್ಡಾಳ ಮಗಳೇ, ಕ್ಷಮಿಸವ್ವ," ಎಂದುಬಿಟ್ಟೆ.

"ನಿನ್ನ ಹೆಸರು ಯಾಕೇ ಹೇಳ್ದೆ? ದೇವರ ಮುಂದೆ ಸುಳ್ಳಾ?"

"ಆ ದೇವ್ರೇ ಮುಖ ಮರೆಸ್ಕೊಂಡು ಎಷ್ಟು ವರ್ಷ ಆಯ್ತಕ್ಕಾ! ಇವಳಿಗೆ ಯಾರಾದ್ರೂ ಬೇಕಲ್ಲ."

ಮಧ್ಯಾಹ್ನ ಮಣ್ಣು ಮಾಡುವಾಗ ಬ್ರಾಯ್ನಕ್ಕ ಹತ್ತಿರ ಬಂದು, ಮಗು ಸತ್ತ ತಾಯಿಗೆ ಹರಿಯುವ ಹಾಗೆ, ನನ್ನ ಅಂಗಿಯ ಬಲಗಡೆ ಹರಿದಳು. "ಹಂಗಾದ್ರೆ ಹೆತ್ತೋಳ ಹಂಗೆ ಏಳು ದಿನ ಸೂತಕ ಹಿಡಿದು ನೆಲದ ಮೇಲೆ ಕೂರು."

ಕೂತಿದ್ದೇನೆ. ನೆಲ ಕೊರೆಯುತ್ತಿದೆ. ಅಳುವುದಕ್ಕೆ ಮಗಳ ನೆನಪೊಂದಾದರೂ ಬೇಕು. ನನಗಿರುವುದು ಅವಳ ಎಡ ಹಿಮ್ಮಡಿಯ ಹಳೆಯ ಗಾಯದ ಕಲೆ ಮಾತ್ರ. ಎಲ್ಲಿ ಬಿದ್ದಿದ್ದಳೋ, ಯಾರು ಎತ್ತಿಕೊಂಡರೋ.