ಮೂಳೆಗೂ ಹಾಕಿದ ಉಪ್ಪು

೧೪ ಡಿಸೆಂಬರ್, ಶನಿವಾರ. ಮತ್ತೋಡು

ತಪ್ಪು ನನ್ನದೇ. ಇಟಾಲಿಯನ್ ಸಾಸೇಜಿಗೆ ಕೆಜಿ ಮಾಂಸಕ್ಕೆ ಹದಿನೆಂಟು ಗ್ರಾಂ ಉಪ್ಪು, ಐದು ಗ್ರಾಂ ಸೋಂಪು. ನಾಳೆ ಹೊಸದುರ್ಗದ ಹೋಟೆಲಿನವರು ನಾನು ಮಾಡಿದ್ದರ ರುಚಿ ನೋಡುತ್ತಾರೆ. ಒಪ್ಪಿದರೆ ವಾರವಾರ ಕೆಲಸ.

ಊರಲ್ಲಿ ಕುರಿ ಕೊಯ್ದು ಹಂಚಿದ ಗುಡ್ಡೆ ಮಾಂಸ ಆರು ಕೆಜಿ ತಂದು, ಎಲ್ಲವನ್ನೂ ಆರರಿಂದ ಗುಣಿಸಿದೆ. ಶಾಲೆ ಬಿಟ್ಟವಳಾದರೂ ಗುಣಾಕಾರ ಸರಿಯಾಗಿತ್ತು. ಮೂಳೆ ಬಿಡಿಸಿ, ಕೊಚ್ಚಿ, ಕಲೆಸಿ, ಕರುಳಿಗೆ ತುಂಬುವ ಮೊದಲು ಒಂದು ಉಂಡೆ ಹುರಿದು ದೊಡ್ಡಮ್ಮನಿಗೆ ಕೊಟ್ಟೆ. ಉಗುಳಿದಳು.

"ಲೇ, ಮೂಳೆಗೂ ಸೇರ್ಸಿ ಉಪ್ಪು ಹಾಕೀಯೇನೆ?"

ಹೌದು. ಮೂಳೆಯೇ ಎರಡು ಕೆಜಿ ಇತ್ತು.

"ನಿಂಬೆಹಣ್ಣು ಹಿಂಡು, ಯಾರಿಗ್ ಗೊತ್ತಾಗ್ತತೆ?"

ಹಾಗೆ ಕೊಡಲು ನನಗೆ ಮನಸ್ಸಾಗಲಿಲ್ಲ. ಎರಡು ಕೆಜಿ ಬರೀ ಮಾಂಸ ತಂದು, ಕೊಚ್ಚಿ, ಉಪ್ಪು ಹಾಕದೆ ಬೆರೆಸಿ, ಮತ್ತೆ ಹುರಿದೆ. ದೊಡ್ಡಮ್ಮ ತಿಂದು ತಟ್ಟೆ ಚಾಚಿದಳು. ನಾಲ್ಕನೇ ಸಲವೂ ಚಾಚಿದಾಗ ಪಾತ್ರೆ ಮುಚ್ಚಿಟ್ಟೆ.

"ಸಾಕು ದೊಡ್ಡಮ್ಮ, ಹೋಟೆಲಿಗೂ ಇರ್ಲಿ."